ಸೀಸದ ಗುಂಡಿಗೆ ಮೆತ್ತಿದ ಕೆಸರು

"ಕಡಲು ಇನ್ನೂ ಯಾರದೂ ಆಗಿರದ ಕಾಲದಲ್ಲಿ ಇಬ್ಬರು ಅರಸರಿದ್ದರಂತೆ. ಒಬ್ಬನದು ಈ ದಡ, ಇನ್ನೊಬ್ಬನದು ಆಚೆಯ ದ್ವೀಪ. ನೀರಿನಡಿ ಒಂದು ಹಗ್ಗ ಹಾಸಿ ಮಾತಾಡಿಕೊಳ್ಳಬೇಕೆಂದು ಇಬ್ಬರಿಗೂ ಆಸೆ. ಹಗ್ಗ ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದರಲ್ಲಿ ಮಾತ್ರ ಜಗಳ."

ಅಜ್ಜಿ ಈ ಕತೆಯನ್ನು ಹೀಗೇ ಆರಂಭಿಸುತ್ತಿದ್ದಳು. ಹೇಳುವಾಗ ಅವಳ ಕೈ, ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಸೀಸದ ಗುಂಡನ್ನು ಸವರುತ್ತಿತ್ತು. ಅದು ಅಜ್ಜನದು. ಕಡಲಿನ ಆಳ ನೋಡಲು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದುದು. ತಳದಲ್ಲಿ ಹೆಬ್ಬೆರಳು ಹಿಡಿಯುವಷ್ಟು ಕುಳಿ. ಅದಕ್ಕೆ ಕೊಬ್ಬು ಮೆತ್ತಿ ಬಿಟ್ಟರೆ ತಳದ ಮರಳೋ ಕೆಸರೋ ಚಿಪ್ಪಿನ ಚೂರೋ ಅಂಟಿಕೊಂಡು ಮೇಲೆ ಬರುತ್ತಿತ್ತು.

ಕತೆ ಮುಗಿಯುತ್ತಿದ್ದುದೂ ಒಂದೇ ರೀತಿ. "ಕೊನೆಗೆ ಹಗ್ಗ ಬಂತು. ತಂಗಿ ಈ ತುದಿಯಲ್ಲಿ ನಿಂತು ಕೂಗಿದಳು. ಆಚೆಯ ಅಣ್ಣ ಹಗ್ಗ ಹಿಡಿಯಲೇ ಇಲ್ಲ."

"ಯಾಕಜ್ಜಿ ಹಿಡೀಲಿಲ್ಲ?"

"ಅವನಿಗೆ ನಾವು ಬೇಡ ಇತ್ತು ಮಗಾ. ಏಳು, ಕೊಡಪಾನ ತುಂಬಿಸಿ ತಾ."

ಆ ತಂಗಿ ನನ್ನ ಅಜ್ಜಿಯೇ ಎಂದು ನನಗೆ ಗೊತ್ತಾದದ್ದು ಅಜ್ಜ ಹಾಸಿಗೆ ಹಿಡಿದ ಮೇಲೆ. ಒಂದು ಮಧ್ಯಾಹ್ನ ಅಜ್ಜಿ ಮೀನು ಒಣಗಿಸಲು ಹೋಗಿದ್ದಾಗ ಅವನು ನನ್ನಿಂದ ಗುಂಡನ್ನು ತರಿಸಿಕೊಂಡು ಎದೆಯ ಮೇಲಿಟ್ಟುಕೊಂಡ.

ಕತೆಯ ಹಗ್ಗವೆಂದರೆ ಟೆಲಿಗ್ರಾಫ್ ತಂತಿ, ಅರಸರೆಂದರೆ ಎರಡು ಸರ್ಕಾರಗಳು ಎಂದ. ಎರಡನ್ನೂ ನಡೆಸುತ್ತಿದ್ದವರು ದೂರದೇಶದ ದೊರೆಗಳು. ನಮ್ಮ ಊರಿನಿಂದ ದ್ವೀಪಕ್ಕೆ ನೇರ ತಂತಿ ಹಾಸೋಣ ಎಂದು ಈ ಸರ್ಕಾರ, ಬಡಗಣ ಬಂದರಿನಿಂದ ಸುತ್ತಿ ತರೋಣ ಎಂದು ಆ ಸರ್ಕಾರ. ತಂತಿಯ ತುದಿಗೆ ಯಾರ ಪಹರೆ, ಯಾರ ಸುದ್ದಿ ಮೊದಲು ಎಂದು ಆರು ವರ್ಷ ಕಾಗದಗಳು ಹಡಗಿನಲ್ಲಿ ಹೋಗಿ ಬಂದವು. ಕೊನೆಗೆ ಸುಂಕದ ಕಚೇರಿಯ ಮಾಳಿಗೆಯಲ್ಲಿ ನಾಲ್ಕು ದಿನ ಕೂತು ಒಂದು ಕರಾರಿಗೆ ಬಂದರು. ನೇರ ದಾರಿಯ ತಳ ಕೆಸರಾದರೆ ತಂತಿ ನಮ್ಮ ಊರಿಗೆ. ಕಲ್ಲಾದರೆ ತಂತಿಯನ್ನು ತೇಯ್ದು ಹಾಕುತ್ತದೆ, ಆದ್ದರಿಂದ ಬಡಗಣ ಬಂದರಿಗೆ.

ಆಳ ಅಳೆಯಲು ಅಜ್ಜನ ದೋಣಿಯನ್ನೇ ಕರೆದರು. ಕರಾರಿನ ಸುದ್ದಿಯನ್ನು ಮಾತ್ರ ಯಾರೂ ಅವನಿಗೆ ಹೇಳಲಿಲ್ಲ.

ನಮ್ಮಲ್ಲಿ ಪ್ರತಿ ಮನೆಗೂ ನೀರಿನಡಿ ಒಂದೊಂದು ಕಲ್ಲು ಇರುತ್ತದೆ. ಮೀನು ಕೂಡುವ ಜಾಗ. ಅಪ್ಪ ಮಗನಿಗೆ ಬಿಟ್ಟರೆ ಇನ್ನಾರಿಗೂ ತೋರಿಸುವುದಿಲ್ಲ. ಹೊರಗಿನವರು ಹತ್ತಿರವಿದ್ದರೆ ಕಲ್ಲಿನ ಗುರುತಾಗಿ ಗುಂಡಿಗೆ ಹತ್ತಿದ ಚಿಪ್ಪನ್ನು ಹೆಬ್ಬೆರಳಲ್ಲಿ ಒರೆಸಿ ಕೆಸರು ಒತ್ತಿಬಿಡುವುದು ರೂಢಿ. ಅದಕ್ಕೆಂದೇ ದೋಣಿಯ ಮೂಲೆಯಲ್ಲಿ ಒಂದು ಕೆಸರಿನ ಮುದ್ದೆ. ಕೆಸರು ಎಂದರೆ ಆ ಕಡೆಗೆ ಮತ್ತೆ ಯಾರೂ ಬಲೆ ತರುವುದಿಲ್ಲ.

"ಅಳತೆ ಬರೆದುಕೊಳ್ಳೋಕೆ ಬಂದಿದ್ದ ದೊರೆ ದೋಣಿಯ ಅಂಚಿಗೆ ಬಿದ್ದು ವಾಂತಿ ಮಾಡ್ತಿದ್ದ," ಎಂದ ಅಜ್ಜ. "ನಮ್ಮ ಕಲ್ಲಿನ ಮೇಲೆ ಬಂದಾಗ ತಳ ಎಂತದು ಅಂತ ಕೇಳಿದ. ಕೈ ತಾನಾಗೇ ಮುದ್ದೆಗೆ ಹೋಯ್ತು. ‘ಕೆಸರು ಸಾಹೇಬ್ರೆ, ಮೂವತ್ತು ಮಾರು’ ಅಂದೆ. ನನ್ನಪ್ಪನೂ ಹಾಗೇ ಅಂತಿದ್ದ."

"ಆಮೇಲೆ ಗೊತ್ತಾಗ್ಲಿಲ್ವಾ ಅಜ್ಜ?"

"ತಂತಿ ಹಡಗು ಬಂದು ನಮ್ಮ ಕಲ್ಲಿನ ಮೇಲೇ ಗುರುತಿನ ಪೀಪಾಯಿ ತೇಲಿಬಿಟ್ಟಾಗ ಗೊತ್ತಾಯ್ತು. ಹೇಳಬಹುದಿತ್ತು. ಆದರೆ ದಡದಲ್ಲಿ ನಿನ್ನ ಅಜ್ಜಿ ನಿಂತಿದ್ದಳಲ್ಲ. ಅಣ್ಣನ ಸುದ್ದಿ ಬರ್ತದೆ ಅಂತ ಅರಳಿದ ಆ ಮುಖ ನೋಡಿ ಹೇಳದೇ ಉಳಿದೆ."

ಅಜ್ಜಿಯ ಅಣ್ಣ ಹೊನ್ನಪ್ಪ ದ್ವೀಪದ ಕಬ್ಬಿನ ಗದ್ದೆಗೆ ದುಡಿಯಲು ಹೋಗಿದ್ದ. "ಅಮ್ಮನಿಗೆ ಏನಾದ್ರೂ ಆದ್ರೆ ತಂತೀಲಿ ಒಂದು ಮಾತು ಹಾಕು, ಮೊದಲ ಹಡಗಿಗೇ ಬರ್ತೇನೆ," ಎಂದು ತಂಗಿಗೆ ಮಾತು ಕೊಟ್ಟಿದ್ದ.

ತಂತಿ ಹತ್ತೊಂಬತ್ತು ದಿನ ಮಾತಾಡಿತು. ಇಪ್ಪತ್ತನೆಯ ದಿನ ಅಜ್ಜನ ಗಾಳಕ್ಕೆ ಕಲ್ಲಿನ ಮೇಲಿಂದ ಏನೋ ಭಾರ ಸಿಕ್ಕಿತು. ಎಳೆದು ನೋಡಿದರೆ ತೇಯ್ದು ಹರಿದ ಕಪ್ಪು ತುದಿ. ಒಳಗೆ ತಾಮ್ರ ಮಿನುಗುತ್ತಿತ್ತು. ಅವನು ಅದನ್ನು ಮೆಲ್ಲಗೆ ನೀರಿಗೆ ಬಿಟ್ಟ.

ಮಾರನೆಯ ದಿನವೇ ಅಜ್ಜಿಯ ತಾಯಿ ಹಾಸಿಗೆ ಹಿಡಿದಳು. ಅಜ್ಜಿ ತಂತಿ ಕಚೇರಿಗೆ ಓಡಿದಳು. ಎರಡು ಸರ್ಕಾರಗಳೂ ತಪ್ಪು ನಿನ್ನದು, ನಿನ್ನದು ಎಂದು ಒಳಗೊಳಗೇ ಪತ್ರ ಬರೆದುಕೊಳ್ಳುತ್ತಿದ್ದ ಆ ಹನ್ನೆರಡು ದಿನ, ತಂತಿ ಹರಿದದ್ದನ್ನು ಯಾರಿಗೂ ಹೇಳದೆ ಕಚೇರಿಯ ಬಾಗಿಲು ತೆರೆದೇ ಇಟ್ಟಿದ್ದರು. ಗುಮಾಸ್ತ ‘ಅಮ್ಮನಿಗೆ ಕಾಯಿಲೆ ಜೋರು, ಬಾ’ ಎಂದು ಬರೆದುಕೊಂಡು, "ಹೋಯ್ತು ತಾಯಿ, ತಲುಪಿತು," ಎಂದು ಚೀಟಿಯನ್ನು ಪೆಟ್ಟಿಗೆಗೆ ಹಾಕಿದ. ಎಂಟನೆಯ ದಿನ ಅವಳ ತಾಯಿ ಬಾಗಿಲು ನೋಡುತ್ತಲೇ ಹೋದಳು. ತಂತಿ ಬಡಗಣ ಬಂದರಿನ ಪಾಲಾಯಿತು. ನಮ್ಮ ಊರಿನದು ಅಜ್ಜಿಯ ಸುದ್ದಿ ತಲುಪಿದ ಮೇಲೆ ಹರಿಯಿತೆಂದೇ ಊರಿನವರೆಲ್ಲ ತಿಳಿದರು. ವರ್ಷ ಕಳೆದು ದ್ವೀಪದಿಂದ ಒಂದು ಕಾಗದ ಬಂದಾಗ ಅಜ್ಜಿ ಅದನ್ನು ಓದಿಸದೆ ಒಲೆಗೆ ಹಾಕಿದಳಂತೆ. ಅಣ್ಣನ ಹೆಸರು ಮತ್ತೆ ಅವಳ ಬಾಯಲ್ಲಿ ಬರಲಿಲ್ಲ.

"ನನ್ನಿಂದ ಆಗ್ಲಿಲ್ಲ. ನಾನು ಹೋದ ಮೇಲೆ ನೀನಾದ್ರೂ ಅವಳಿಗೆ ಹೇಳು," ಎಂದ ಅಜ್ಜ. ಹೇಳುತ್ತೇನೆಂದು ಕೈ ಮೇಲೆ ಕೈಯಿಟ್ಟೆ.

ಅಜ್ಜ ಹೋದ ಮೇಲೆ ಮೂರು ವರ್ಷ ಹೇಳಲಿಲ್ಲ. ಇವತ್ತು, ನಾಳೆ ಎನ್ನುತ್ತಲೇ ಇದ್ದೆ. ಆಗಲೂ ಅಜ್ಜಿ ಕತೆ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಅಣ್ಣ ಹಗ್ಗ ಹಿಡಿಯದೆ ಹೋಗುವಾಗಲೆಲ್ಲ ನನ್ನ ಕಣ್ಣು ಆ ಗುಂಡಿನ ಮೇಲಿರುತ್ತಿತ್ತು.

ಅವಳ ತಾಯಿಯ ಎಡೆಯ ದಿನ. ಅಜ್ಜಿ ಹಿತ್ತಿಲಲ್ಲಿ ಎರಡು ಎಲೆ ಹಾಕಿದಳು, ತಾಯಿಗೊಂದು, ಅಜ್ಜನಿಗೊಂದು. ಅನ್ನ ಬಡಿಸುವ ಮೊದಲು ಅವಳ ಕೈ ಹಿಡಿದು ಕೂರಿಸಿ ಎಲ್ಲವನ್ನೂ ಹೇಳಿದೆ.

ಅವಳು ಅಳಲಿಲ್ಲ. "ಅವತ್ತು ನಾನು ತಂತಿ ಕಚೇರಿಗೆ ಹೊರಟಾಗ ಇವ್ರು ಬಾಗಿಲಲ್ಲೇ ಬಲೆ ಹೆಣೀತಾ ಕೂತಿದ್ರು," ಎಂದಳು. "‘ಬಿಸಿಲುಂಟು, ತಲೆಗೆ ಸೆರಗು ಹಾಕ್ಕೊಂಡು ಹೋಗು’ ಅಂದ್ರು. ಅಷ್ಟೇ ಅಂದದ್ದು."

ಆಮೇಲೆ ಕೇಳಿದಳು: "ಆ ಕಾಗದದಲ್ಲಿ ಎಂತ ಇತ್ತೋ ಮಗಾ?"

ಅವಳು ಎದ್ದು ಮೂರನೆಯ ಎಲೆ ಕೊಯ್ದು ತಂದಳು. ಅಜ್ಜನ ಎಲೆಯನ್ನು ತೆಗೆಯಲಿಲ್ಲ. ತುಸು ಸರಿಸಿ ಜಾಗ ಮಾಡಿದಳು. ಮೂರಕ್ಕೂ ಬಡಿಸಿ, ಹೊಸ್ತಿಲಿಗೆ ಬಂದು ಕೂತು ಗುಂಡನ್ನು ಮಡಿಲಿಗೆ ಎಳೆದುಕೊಂಡಳು. ಯಾರೂ ಕೇಳದೆಯೇ ಕತೆ ಆರಂಭವಾಯಿತು: ಇಬ್ಬರು ಅರಸರು, ಜಗಳ, ಹಗ್ಗ, ದಡದಲ್ಲಿ ನಿಂತು ಕೂಗಿದ ತಂಗಿ. ಅಲ್ಲಿಗೆ ಕತೆ ನಿಂತಿತು. ಅವಳ ಹೆಬ್ಬೆರಳು ಗುಂಡಿನ ಕುಳಿಯೊಳಗೆ ಇಳಿದು, ಒಣಗಿ ಗಟ್ಟಿಯಾಗಿದ್ದ ಯಾವುದೋ ಕಾಲದ ಕೆಸರನ್ನು ಕೆರೆಯುತ್ತಿತ್ತು.

"ಹಗ್ಗ ಹೊನ್ನಪ್ಪಣ್ಣನ ಕೈಗೆ ಮುಟ್ಟಲೇ ಇಲ್ಲ," ಎಂದಳು ಅಜ್ಜಿ.

ಹಿತ್ತಿಲಲ್ಲಿ ಒಂದು ಕಾಗೆ ಬಂದು ಮೂರನೆಯ ಎಲೆಯ ಮುಂದೆ ಇಳಿಯಿತು.