ಉತ್ತರ ಸಿ

ಬೆಳಿಗ್ಗೆ ಏಳೂ ಹತ್ತಕ್ಕೆ, ಗೋಕಾಕ ಬಸ್ ನಿಲ್ದಾಣದಲ್ಲಿ, ತನ್ನ ಅಂಕಗಳು ತನ್ನವಲ್ಲ ಎಂಬುದು ದಾಕ್ಷಾಯಿಣಿಗೆ ಗೊತ್ತಾಯಿತು.

ಮಸಗುಪ್ಪಿಯಿಂದ ಹೊರಟ ಅವಳು ಹುಕ್ಕೇರಿಯಲ್ಲಿ ಗ್ರಾಮ ಆಡಳಿತಾಧಿಕಾರಿ ಪರೀಕ್ಷೆ ಬರೆಯಬೇಕಿತ್ತು. ಮುಂದಿನ ಅರ್ಜಿ ಕರೆಯುವ ಹೊತ್ತಿಗೆ ಅವಳ ವಯೋಮಿತಿ ಮೀರಿರುತ್ತದೆ. ಜೊತೆಗಿದ್ದ ಲಕ್ಷ್ಮೀ ಮೂಡಲಗಿಯ ಅದೇ ಕೋಚಿಂಗ್ ಕ್ಲಾಸಿನವಳು. ಅಲ್ಲಿ ಪ್ರಭು ಸರ್ ನಡೆಸುವ ವಾರದ ಪರೀಕ್ಷೆಗಳಲ್ಲಿ ದಾಕ್ಷಾಯಿಣಿಯದೇ ಮೊದಲ ಸ್ಥಾನ.

"ಉತ್ತರ ಗೊತ್ತಿಲ್ಲಂದ್ರ ಸಿ ಹೊಡದ್ ಬಿಡ್ತೇನಿ ನೋಡಕ್ಕಾ," ಎಂದಳು ಲಕ್ಷ್ಮೀ, ಚುರುಮುರಿ ಬಾಯಿಗೆ ಹಾಕಿಕೊಳ್ಳುತ್ತ.

"ಸಿನ ಯಾಕ?"

"ಪ್ರಭು ಸರ್‌ಗೆ ಸಿ ಅಂದ್ರ ಹೆಂಡ್ತಿಗಿಂತ ಹೆಚ್ಚ ಪ್ರೀತಿ. ನಿನಗ ಗೊತ್ತಿದ್ದಿಲ್ಲೇನ?"

ದಾಕ್ಷಾಯಿಣಿ ನಕ್ಕಳು. ಆಮೇಲೆ ಚೀಲದಿಂದ ವಾರದ ಪರೀಕ್ಷೆಗಳ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದಳು. ಎಲ್ಲವೂ ಪ್ರಭು ಸರ್ ಸ್ವತಃ ಸಿದ್ಧಪಡಿಸಿದವು. ಅವಳು ಗುರುತು ಹಾಕಿದ್ದು ಬಹುತೇಕ ಮೂರನೆಯ ಆಯ್ಕೆಗೆ, ಸರಿ ಉತ್ತರವೂ ಅಲ್ಲೇ. ಎರಡು ತಪ್ಪು ಆಯ್ಕೆ ಹೊಡೆದುಹಾಕಿ ಉಳಿದ ಎರಡರಲ್ಲಿ ಒಂದನ್ನು ಆರಿಸುವುದು ಸರ್ ಕಲಿಸಿದ ಉಪಾಯ. ಆರಿಸುತ್ತಿದ್ದದ್ದು ತನ್ನ ಬುದ್ಧಿ ಎಂದುಕೊಂಡಿದ್ದಳು. ಆರಿಸುತ್ತಿದ್ದದ್ದು ಕೈಯ ರೂಢಿ.

ಬಸ್ಸಿನಲ್ಲಿ ಕುಳಿತು ಸರ್‌ಗೆ ಫೋನ್ ಮಾಡಿದಳು. ಕಂಡದ್ದನ್ನು ಹೇಳಿದಳು.

"ಸರಿ ಉತ್ತರ ಮೊದಲಿಗೆ ಇಟ್ರ ಲಗೂನ ಸಿಗತೈತಿ, ಕಡೀಕ ಇಟ್ರ ಎದ್ದು ಕಾಣತೈತಿ ಅಂತ ನಡಕ ಮುಚ್ಚಿ ಇಡ್ತಿದ್ನವಾ. ಸಿನ ಇಷ್ಟು ಆಗೇತಿ ಅಂತ ನನಗೂ ಗೊತ್ತಿಲ್ಲ."

"ಈಗೇನ ಮಾಡ್ಲಿರಿ ಸರ್?"

"ಆಯ್ಕೆ ಮ್ಯಾಲ ಅಂಗೈ ಇಡು. ಪ್ರಶ್ನಿ ಅಷ್ಟ ಓದು. ಉತ್ತರ ಮನಸಿನಾಗ ಬಂದ ಮ್ಯಾಲ ಕೈ ತಗಿ. ಬರಲಿಲ್ಲಂದ್ರ ಬಿಟ್ಟ ಬಿಡು. ನಾಕ ತಪ್ಪಾದ್ರ ಒಂದ ಅಂಕ ಹೋಗತೈತಿ."

ಪರೀಕ್ಷಾ ಕೊಠಡಿಯಲ್ಲಿ ಅವಳು ಹಾಗೆಯೇ ಮಾಡಿದಳು. ಹಿಡಕಲ್ ಅಣೆಕಟ್ಟು ಯಾವ ನದಿಯದು ಎಂಬ ಪ್ರಶ್ನೆ ಬಂತು. ಘಟಪ್ರಭಾ ಎಂದುಕೊಂಡು ಕೈ ತೆಗೆದಳು. ಅದು ಸಿ ಆಗಿತ್ತು. ಆ ನದಿಯ ನೀರು ಕುಡಿದು ಬೆಳೆದವಳ ಪೆನ್ನು ಅಲ್ಲೇ ನಿಂತಿತು. ಪ್ರಶ್ನೆಯನ್ನು ಮತ್ತೆರಡು ಸಲ ಓದಿ ವೃತ್ತ ತುಂಬಿದಳು.

ಮುಂದಿನದು ಗ್ರಾಮ ಪಂಚಾಯಿತಿಯ ಕುರಿತು. ಕೈ ತೆಗೆದು ನೋಡಿದರೆ ಮನಸ್ಸಿನಲ್ಲಿ ಬಂದ ಉತ್ತರವೂ ಸಿ. ಇದು ಓದಿದ್ದೋ, ರೂಢಿಯೋ? ತಿಳಿಯಲಿಲ್ಲ. ಬಿಟ್ಟಳು. ಅಲ್ಲಿಂದಾಚೆ ಉತ್ತರ ಸಿ ಬಂದಾಗಲೆಲ್ಲ ಪೆನ್ನು ತಡವರಿಸಿತು, ಹೆಚ್ಚಿನವನ್ನು ಖಾಲಿ ಬಿಟ್ಟಳು. ಪಕ್ಕದ ಸಾಲಿನಲ್ಲಿ ಲಕ್ಷ್ಮೀ ತಲೆ ಎತ್ತದೆ ವೃತ್ತ ತುಂಬುತ್ತಿದ್ದಳು.

ಹೊರಗೆ ಬಂದಾಗ ಲಕ್ಷ್ಮೀ ಕೇಳಿದಳು, "ಹೆಂಗಾತಕ್ಕಾ?"

"ಗೊತ್ತಿದ್ದದ್ದನ್ನೂ ಬಿಟ್ಟ ಬಂದೆ ಅನಸ್ತೈತಿ."

ಮುಂದಿನ ವಾರದಿಂದ ಪ್ರಭು ಸರ್ ತಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಚೀಟಿ ಎತ್ತಿ ಸರಿ ಉತ್ತರದ ಜಾಗ ಗೊತ್ತುಮಾಡತೊಡಗಿದರು. ಹುಕ್ಕೇರಿಯಲ್ಲಿ ಬರೆದ ಪರೀಕ್ಷೆಯ ಸರಿ ಉತ್ತರಗಳು ಪ್ರಕಟವಾದಾಗ ದಾಕ್ಷಾಯಿಣಿ ಹೋಲಿಸಿ ನೋಡಿದಳು. ಖಾಲಿ ಬಿಟ್ಟ ಬಹಳಷ್ಟು ಪ್ರಶ್ನೆಗಳಿಗೆ ಅವಳು ಮನಸ್ಸಿನಲ್ಲಿ ಹೇಳಿಕೊಂಡ ಉತ್ತರವೇ ಸರಿಯಾಗಿತ್ತು. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.