ಬಟ್ಟೆಯ ಹಿಂಬದಿ

ಮಗ್ಗದಲ್ಲಿ ಎಳೆ ತುಂಡಾದಾಗಲೆಲ್ಲ ಗಂಟು ಹಾಕುತ್ತ ದೇವರಲ್ಲಿ ಒಂದು ಬೇಡಿಕೆ ಇಡಬೇಕು ಎಂಬುದು ಆ ಮನೆಯ ರೂಢಿ. ಅಕ್ಕನಿಗೂ ತಂಗಿಗೂ ಅದನ್ನು ಹೇಳಿಕೊಟ್ಟವಳು ಅಜ್ಜಿ. "ದೇವರು ಬಟ್ಟೆಯ ಹಿಂಬದೀಲಿ ಕೂತಿರ್ತಾನೆ. ಗಂಟೆಲ್ಲ ಅವನ ಕಡೆಗೇ ಇರತ್ತೆ. ಒಂದೊಂದನ್ನೂ ಮುಟ್ಟಿ ನೋಡ್ತಾನೆ."

ತಂಗಿ ಜ್ವರ ಬಂದು ಆಸ್ಪತ್ರೆ ಸೇರಿದಳು. ನಿಂತಲ್ಲಿ ನಿಲ್ಲದ ಆ ಹುಡುಗಿಗೆ ಮನೆಯಲ್ಲಿ ಮಿಡತೆ ಎಂದೇ ಹೆಸರು. ಅವಳೀಗ ಮಿಸುಕಾಡದೆ ಮಲಗಿದ್ದಾಳೆ ಎಂದು ಅಮ್ಮ ಹೇಳಿಕಳಿಸಿದ ದಿನ, ಎಳೆ ತಾನಾಗಿ ತುಂಡಾಗುವವರೆಗೆ ಕಾಯಲು ಅಕ್ಕನಿಂದ ಆಗಲಿಲ್ಲ. ಉಗುರಿನಿಂದ ಚಿವುಟಿ ತಾನೇ ತುಂಡು ಮಾಡಿದಳು. ಗಂಟು ಹಾಕಿದಳು. "ಮಿಡತೆನ ಉಳಿಸು." ಮತ್ತೆ ಚಿವುಟಿದಳು.

ನೂಲು ಕೊಟ್ಟಿದ್ದ ವ್ಯಾಪಾರಿ ಬಂದು ಬಟ್ಟೆಯನ್ನು ಮಗುಚಿ ನೋಡಿದ. "ಏನಮ್ಮಾ ಇದು, ಹೊದ್ಕೊಳ್ಳೋಕೋ, ಮೈ ಕೆರ್ಕೊಳ್ಳೋಕೋ?"

ಅವಳು ನಕ್ಕಳು. ನಗುವಷ್ಟು ಧೈರ್ಯ ಆಗ ಅವಳಿಗಿತ್ತು. ಇಷ್ಟೊಂದು ಗಂಟು ಕೈಗೆ ತಾಗಿದರೆ ಎಂಥ ದೇವರಿಗೂ ನಿದ್ದೆ ಬಂದೀತೆ?

ತಂಗಿ ಹೋದಳು. ಅಮ್ಮ ಕೈಚೀಲದಲ್ಲಿ ಅವಳ ಚಪ್ಪಲಿ ತಂದು ಬಾಗಿಲ ಬಳಿ, ಎಂದಿನ ಜಾಗದಲ್ಲೇ ಇಟ್ಟಳು.

ಎಲ್ಲ ಮುಗಿದ ಮೇಲೆ ಅಕ್ಕ ಕತ್ತರಿ ಹಿಡಿದು ಮಗ್ಗದ ಮುಂದೆ ನಿಂತಳು. ಅಜ್ಜಿ ಗೋಡೆಗೊರಗಿ ಕೂತಿದ್ದಳು.

"ನಿನ್ನ ದೇವರಿಗೆ ಬೆರಳಿಲ್ವಾ ಅಜ್ಜಿ?"

ಅಜ್ಜಿ ಕತ್ತರಿಯ ಕಡೆ ನೋಡಿದಳು.

"ಒಳ್ಳೆಯವನು ಅಂತ ನೀನೇ ಹೇಳಿದ್ಯಲ್ಲ. ಒಳ್ಳೆಯವನಾದ್ರೆ ಅವಳನ್ನ ಯಾಕೆ ಬಿಟ್ಟ? ನಾನು ಬೇಕಂತ ಎಳೆ ಚಿವುಟಿದೆ ಅಂತ ಸಿಟ್ಟಾ?"

"ಅದಕ್ಕಲ್ಲ ಮಗಾ. ತಾನಾಗೇ ತುಂಡಾದ ಎಳೆಗೇ ನಾನು ಗಂಟು ಕಟ್ಟಿದ್ದೆ. ಆಗಲೂ ಅವನು ಕೇಳಲಿಲ್ಲ." ಅಜ್ಜಿ ತನ್ನ ಬೆರಳುಗಳನ್ನು ನೋಡಿಕೊಂಡಳು. "ನಿಮ್ಮಮ್ಮನಿಗಿಂತ ಮುಂಚೆ ನಂಗೊಬ್ಬ ಮಗ ಇದ್ದ."

ಅಜ್ಜಿಯ ಅಷ್ಟೂ ಕತೆಗಳಲ್ಲಿ ರಾಜಕುಮಾರರು ಬಂದಿದ್ದರು, ಮಾತಾಡುವ ಮೀನು ಬಂದಿತ್ತು. ಆ ಮಗ ಒಮ್ಮೆಯೂ ಬಂದಿರಲಿಲ್ಲ. ದೇವರು ಕೈಬಿಟ್ಟದ್ದಕ್ಕಿಂತ ಇದು ಹತ್ತಿರದಿಂದ ಇರಿಯಿತು.

"ಗೊತ್ತಿದ್ದೂ ನಮಗೆ ಹೇಳ್ಕೊಟ್ಯಾ?"

"ಮತ್ತೇನು ಹೇಳ್ಕೊಡ್ಲಿ? ಸುಮ್ನೆ ಕೂತು ಮಗನ ಉಸಿರು ಎಣಿಸೋದಕ್ಕಿಂತ ಗಂಟು ಹಾಕೋದೇ ವಾಸಿ ಅನ್ಸಿತ್ತು. ದೇವರು ಯಾಕೆ ಹಾಗೆ ಅಂತ ನಂಗೂ ಹೇಳಿಲ್ಲ."

ಅಕ್ಕ ಕತ್ತರಿ ಆಡಿಸಿದಳು. ಬಿಗಿದು ನಿಂತಿದ್ದ ಎಳೆಗಳೆಲ್ಲ ಸಡಿಲಿ ಜೋತುಬಿದ್ದವು. ಅಜ್ಜಿ ಬಯ್ಯಲಿಲ್ಲ. ತೆವಳಿಕೊಂಡು ಬಂದು ಎರಡು ತುದಿ ಹಿಡಿದಳು. ಮುಪ್ಪಿನ ಬೆರಳಿಗೆ ಗಂಟು ಕೂರಲಿಲ್ಲ; ಜಾರಿತು, ಮತ್ತೆ ಜಾರಿತು. ಅಕ್ಕ ಆ ಎಳೆಯನ್ನು ಕಿತ್ತುಕೊಂಡು, ಉಗುರು ಬಿಳಿಚುವಷ್ಟು ಬಿಗಿಯಾಗಿ ತಾನೇ ಕಟ್ಟಿದಳು. ಏನನ್ನೂ ಬೇಡಲಿಲ್ಲ.

"ಇದನ್ನ ಮುಟ್ಟಿ ನೋಡು," ಎಂದಳು ಬಟ್ಟೆಯ ಹಿಂಬದಿಗೆ. "ಇದು ಬೈಗುಳ."