ಧನುರ್ಮಾಸದ ಲ್ಯಾಪ್‌ಟಾಪ್

ವೆಂಕಟಾಚಲನ ಹಳೆಯ ಲ್ಯಾಪ್‌ಟಾಪ್ ಊಟದ ತಟ್ಟೆಗಿಂತ ತುಸು ದೊಡ್ಡದಿತ್ತು, ಅಷ್ಟೆ. ಅದರಲ್ಲಿ ಅಕ್ಷರ ಓದಬೇಕಾದರೆ ಮೂಗನ್ನು ಪರದೆಗೆ ತಾಗಿಸಬೇಕಿತ್ತು. ಹದಿನೇಳು ಇಂಚಿನದೊಂದು ಕೊಳ್ಳಲು ಅವನು ಹಂಬಲಿಸುತ್ತಿರುವಾಗ, 2007ರ ಡಿಸೆಂಬರಿನಲ್ಲಿ ಅಂಗಡಿಯವರು ಭರ್ಜರಿ ರಿಯಾಯಿತಿ ಕೊಟ್ಟರು. ಕೊಡದೆ ಏನು ಮಾಡಿಯಾರು? ಧನುರ್ಮಾಸದಲ್ಲಿ ಹೊಸ ಸಾಮಾನು ಕೊಳ್ಳುವವರು ಯಾರು?

"ಶೂನ್ಯಮಾಸ. ಸಂಕ್ರಾಂತಿ ಕಳೀಲಿ," ಎಂದಳು ಹೆಂಡತಿ ಅಲಮೇಲು. ಗವಿಪುರಂನ ಆ ಮನೆಯಲ್ಲಿ ಅವಳ ಮಾತಿನ ಮೇಲೆ ಅಪೀಲಿರಲಿಲ್ಲ.

ವೆಂಕಟಾಚಲ ತಲೆಯಾಡಿಸಿದ. ಮರುದಿನವೇ ಹೋಗಿ ಕೊಂಡ. ಕೊಂಡದ್ದನ್ನು ಚಾಮರಾಜಪೇಟೆಯ ಗೆಳೆಯ ಗಂಗಾಧರಯ್ಯನ ಬೀರುವಿನಲ್ಲಿ ಬಚ್ಚಿಟ್ಟ. ಹಬ್ಬ ಕಳೆದ ಮೇಲೆ ಈಗ ತಂದೆನೆಂದು ಮನೆಗೆ ತಂದರಾಯಿತು. ಆದರೆ ಅಲ್ಲಿಯವರೆಗೆ ಅದನ್ನು ನೋಡದೆ ಇರುವುದು ಹೇಗೆ? ಅದಕ್ಕೂ ದಾರಿ ಹೊಳೆಯಿತು. ಧನುರ್ಮಾಸವಿಡೀ ದೇವಸ್ಥಾನದಲ್ಲಿ ಸೂರ್ಯ ಹುಟ್ಟುವ ಮುಂಚೆ ಪೂಜೆ, ಹುಗ್ಗಿಯ ಪ್ರಸಾದ. "ನಾನೂ ಪೂಜೆಗೆ ಹೋಗ್ತೀನಿ," ಎಂದ.

ಮನೆಯ ಪೂಜೆ ಬಿಟ್ಟು ಹೋಗಲಾಗದ ಅಲಮೇಲುವಿಗೆ ಕಣ್ಣು ತುಂಬಿಬಂತು. ದಿನವೂ ನಸುಕಿಗೇ ಎದ್ದು, ಹಂಡೆಗೆ ಉರಿ ಹಾಕಿ, ಅವನಿಗೆ ಸ್ನಾನಕ್ಕೆ ನೀರು ಕಾಯಿಸಿದಳು. ಮದುವೆಯಾದಾಗಿನಿಂದ ಅವಳು ಗಂಡನನ್ನು ಇಷ್ಟು ಗೌರವದಿಂದ ನೋಡಿದ್ದು ಇದೇ ಮೊದಲು. ವೆಂಕಟಾಚಲನಿಗೆ ಅದು ಬಹಳ ಹಿಡಿಸಿತು. ಗುಟ್ಟು ರಟ್ಟಾದರೆ ಈ ಗೌರವವೂ ಹೋಯಿತಲ್ಲ ಎಂದು ಭಯವಾಗತೊಡಗಿತು.

ಗಂಗಾಧರಯ್ಯನಿಗೆ ಕೃಷ್ಣರಾಜ ಮಾರುಕಟ್ಟೆಯ ಹತ್ತಿರ ಪಾತ್ರೆ ಅಂಗಡಿ. ಬೆಳಗಾಗುವ ಮೊದಲೇ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತು ಕಚ್ಚಾಡುತ್ತಿದ್ದರು. ಚೊಕ್ಕ ಚಿತ್ರ ತೋರಿಸುವ ಎಚ್‌ಡಿ ಡಿವಿಡಿ, ಬ್ಲೂ-ರೇ ಎಂಬ ಎರಡು ಜಾತಿಯ ಹೊಸ ಡಿಸ್ಕುಗಳ ನಡುವೆ ಆಗ ಜಗತ್ತಿನಲ್ಲೆಲ್ಲ ಕುಸ್ತಿ ನಡೆದಿತ್ತು. ವೆಂಕಟಾಚಲನ ಯಂತ್ರ ಹಾಕಿಸಿಕೊಳ್ಳುತ್ತಿದ್ದದ್ದು ಎಚ್‌ಡಿ ಡಿವಿಡಿಯನ್ನು ಮಾತ್ರ.

"ಪಾತ್ರೆ ದೊಡ್ಡದಿದ್ರೆ ಹಿಡಿಯೋದು ಜಾಸ್ತಿ. ಬ್ಲೂ-ರೇನಲ್ಲಿ ಜಾಗ ಜಾಸ್ತಿ ಗುರು, ಅದೇ ಗೆಲ್ಲೋದು," ಎನ್ನುತ್ತಿದ್ದ ಗಂಗಾಧರಯ್ಯ.

"ನಂದು ಅಗ್ಗ ಕಣಯ್ಯಾ. ಜನ ಅಗ್ಗದ್ದನ್ನೇ ತಗೊಳ್ಳೋದು."

"ಅಗ್ಗದ್ದು ತಗೊಂಡೋರೆಲ್ಲ ಮುಂದಿನ ತಿಂಗಳು ಬೆಸುಗೆ ಹಾಕಿಸೋಕೆ ನನ್ನ ಅಂಗಡಿಗೇ ಬರ್ತಾರೆ."

ಎರಡರಲ್ಲಿ ಯಾವ ಡಿಸ್ಕಿನ ಮುಖವನ್ನೂ ಇಬ್ಬರೂ ಕಂಡಿರಲಿಲ್ಲ. ಜಗಳಕ್ಕೆ ಅದರಿಂದ ತೊಂದರೆಯೇನೂ ಆಗಲಿಲ್ಲ.

ಗಂಗಾಧರಯ್ಯನ ಹೆಂಡತಿ ಗಿರಿಜಾಂಬಾ ಪಾಪ, ಬಂದವನಿಗೆ ತಿಂಡಿಯೆಂದು ಘಮಘಮಿಸುವ ಹುಗ್ಗಿ ಮಾಡುತ್ತಿದ್ದಳು. ಅದರಲ್ಲೇ ಒಂದು ದೊನ್ನೆ ವೆಂಕಟಾಚಲನ ಜೊತೆ ಪ್ರಸಾದವಾಗಿ ಗವಿಪುರಂಗೆ ಹೋಗುತ್ತಿತ್ತು. ಮೊದಲ ದಿನ ಅಲಮೇಲು ಅದನ್ನು ಕಣ್ಣಿಗೊತ್ತಿಕೊಂಡು, ಒಂದು ಗಳಿಗೆ ಹಾಗೇ ನಿಂತು, ಪಾತ್ರೆ ತಿಕ್ಕುವ ತುಳಸಮ್ಮನಿಗೆ ಕೊಟ್ಟುಬಿಟ್ಟಳು. ಆಮೇಲೂ ದಿನಾ ಹಾಗೇ. ಎಂಥ ಧಾರಾಳ ಮನಸ್ಸು ಎಂದುಕೊಂಡ ವೆಂಕಟಾಚಲ.

ಜನವರಿಯಲ್ಲಿ ಪೇಪರಿನಲ್ಲಿ ಸುದ್ದಿ ಬಂತು. ಸಿನಿಮಾದ ದೊಡ್ಡ ಕಂಪನಿಯೊಂದು ಎಚ್‌ಡಿ ಡಿವಿಡಿಗೆ ಕೈಕೊಟ್ಟು ಬ್ಲೂ-ರೇ ಕಡೆಗೇ ಹೋಗುವುದಂತೆ. ಇನ್ನು ಕತೆ ಮುಗಿದ ಹಾಗೆ. ಗಂಗಾಧರಯ್ಯ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. ವೆಂಕಟಾಚಲ ಮನೆಯಲ್ಲಿ ಮುಖ ಸಪ್ಪೆ ಮಾಡಿಕೊಳ್ಳುವ ಹಾಗೂ ಇರಲಿಲ್ಲ. ಇನ್ನೂ ಕೊಳ್ಳದ ಲ್ಯಾಪ್‌ಟಾಪಿಗೆ ಅಳುವುದು ಹೇಗೆ?

ಸಂಕ್ರಾಂತಿಯ ಮರುದಿನ ಸಂಜೆ ಆಫೀಸಿನಿಂದ ಬರುವಾಗ ಡಬ್ಬ ಹೊತ್ತು ತಂದ. ಅಲಮೇಲು ಅದಕ್ಕೆ ಕುಂಕುಮವಿಟ್ಟು ಆರತಿ ಎತ್ತಿದಳು.

"ಕಾದಿದ್ದು ಒಳ್ಳೇದಾಯ್ತು. ಪೇಪರಲ್ಲಿ ಬಂದಿತ್ತಲ್ಲ, ಇದು ಗೆದ್ದಿರೋ ಡಿಸ್ಕಿಂದೇ ತಾನೇ?"

"ಹೂಂ," ಎಂದ ವೆಂಕಟಾಚಲ.

ಅವಳು ಒಳಗೆ ಹೋಗಿ ಒಂದು ಡಬ್ಬಿ ತಂದು ಅವನ ಮುಂದಿಟ್ಟಳು.

"ಮಧ್ಯಾಹ್ನ ಗಿರಿಜಾಂಬಾ ಅವರಿಗೆ ಎಳ್ಳು ಕೊಟ್ಟು ಬರೋಕೆ ಹೋಗಿದ್ದೆ. ನಿಮಗೆ ತುಂಬಾ ಇಷ್ಟ ಅಂತ ಹುಗ್ಗಿ ಕಳಿಸಿದಾರೆ, ಬೀರುವಿನಲ್ಲಿದ್ದ ಲ್ಯಾಪ್‌ಟಾಪ್ ವಿಷಯಾನೂ ಹೇಳಿದ್ರು. ಅದೇ ಬೆಳ್ಳುಳ್ಳಿ ವಾಸನೆ. ಯಾವ ದೇವಸ್ಥಾನದ ಪ್ರಸಾದಕ್ಕೆ ಬೆಳ್ಳುಳ್ಳಿ ಹಾಕ್ತಾರೆ ಅಂತ ಮೊದಲನೇ ದಿನದಿಂದ ಯೋಚಿಸ್ತಿದ್ದೆ."

ಒಂದು ತಿಂಗಳು ಆ ಹುಗ್ಗಿ ತಿಂದ ವೆಂಕಟಾಚಲನಿಗೆ, ಕಣ್ಣೆಲ್ಲ ಪರದೆಯ ಮೇಲಿದ್ದುದರಿಂದ, ಬೆಳ್ಳುಳ್ಳಿ ನಾಲಿಗೆಗೆ ತಾಗಿರಲಿಲ್ಲ.

"ಗೊತ್ತಿದ್ದೂ ದಿನಾ ನೀರು ಕಾಯಿಸಿದ್ಯಾ?"

"ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾಯ್ತಿದ್ದೆ. ಈಗ್ಲೂ ಹೂಂ ಅಂದ್ರಲ್ಲ." ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಅವಳೇ ಮುಂದುವರಿಸಿದಳು: "ನಾಳೆಯಿಂದ ದೇವಸ್ಥಾನಕ್ಕೆ ನಾನು ಹೋಗ್ತೀನಿ. ಎದ್ದು ನೀರು ಕಾಯಿಸಿ, ಮನೆ ಪೂಜೆ ನೀವು ಮಾಡಿ."

ಮರುದಿನ ನಸುಕಿನಲ್ಲಿ ವೆಂಕಟಾಚಲ ಹಂಡೆಯ ಮುಂದೆ ಕೂತು ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಿದ್ದ. ಉರಿ ಹತ್ತುತ್ತಿರಲಿಲ್ಲ. ಕೊನೆಗೆ ಎದ್ದು ಹೋಗಿ ಹದಿನೇಳು ಇಂಚಿನ ಲ್ಯಾಪ್‌ಟಾಪ್ ಬಂದಿದ್ದ ರಟ್ಟಿನ ಡಬ್ಬವನ್ನು ತಂದು, ಹರಿದು ಒಲೆಗೆ ಹಾಕಿದ. ಅದು ಚೆನ್ನಾಗಿ ಉರಿಯಿತು.